ದೆವ್ವಕ್ಕೆ ಉಸಿರು ಕೊಟ್ಟವನು

ಸತ್ತುಹೋದ ಗಂಡಸೊಬ್ಬ ಸಂಜೆ ಏಳೂವರೆಗೆ, ಜನ ತಟ್ಟೆ ಹಿಡಿದು ಟಿವಿ ಮುಂದೆ ಕೂತಿದ್ದ ಹೊತ್ತಿನಲ್ಲಿ, ಇಡೀ ಕರ್ನಾಟಕಕ್ಕೆ ಕೇಳುವ ಹಾಗೆ ‘ಹ್ಹಾ...’ ಎಂದು ಉಸಿರು ಬಿಟ್ಟ. ಆ ತಪ್ಪು ನನ್ನದು. ಮೊದಲೇ ಒಪ್ಪಿಕೊಂಡುಬಿಟ್ಟರೆ ಆಮೇಲೆ ಆರಾಮಾಗಿ ಜಂಬ ಕೊಚ್ಚಬಹುದು ಅಂತ ನನ್ನ ಲೆಕ್ಕಾಚಾರ.

ಗಾಬರಿ ಬೇಡ, ಸತ್ತವನು ಧಾರಾವಾಹಿಯವನು. ಮದುವೆಯ ದಿನವೇ ಬಾವಿಗೆ ಬಿದ್ದು ಸತ್ತ. ಸತ್ತವನು ಸುಮ್ಮನಿರಬೇಕಲ್ಲ, ಹೆಂಡತಿ ಹಿತ್ತಾಳೆ ದೀಪ ಹಚ್ಚಿದಾಗಲೆಲ್ಲ ದೆವ್ವವಾಗಿ ಬಂದು ಅವಳ ಎದುರು ನಿಲ್ಲುತ್ತಾನೆ. ಅವಳಿಗೆ ಬಿಟ್ಟು ಇನ್ಯಾರಿಗೂ ಕಾಣುವುದಿಲ್ಲ. ಮುಟ್ಟಲು ಹೋದರೆ ಕೈ ಗಾಳಿಯಲ್ಲಿ ಆಡಿದ ಹಾಗೆ ಆಡುತ್ತದೆ. ಅಮಾವಾಸ್ಯೆಯಂದು ಮಾತ್ರ, ದೀಪದ ಎಣ್ಣೆ ತೀರುವವರೆಗೆ, ಅವಳು ಅವನ ಹೆಗಲಿಗೆ ತಲೆಯಿಡಬಹುದು. ಆ ಧಾರಾವಾಹಿಯಲ್ಲಿ ಅಮಾವಾಸ್ಯೆ ವಾರಕ್ಕೊಮ್ಮೆ ಬರುತ್ತಿತ್ತು ಅನ್ನುವುದು ಬೇರೆ ಮಾತು. ಜನ ಈ ಜೋಡಿಗಾಗಿ ಹುಚ್ಚೆದ್ದು ಹೋಗಿದ್ದರು. ಇಬ್ಬರ ಹೆಸರನ್ನೂ ಅರ್ಧರ್ಧ ಕತ್ತರಿಸಿ ಒಂದೇ ಹೆಸರಾಗಿ ಹೊಲಿದು, ಅದನ್ನು ಮೊಬೈಲಿನ ಕವರಿನ ಮೇಲೆ ಬರೆಸಿಕೊಂಡವರನ್ನು ನಾನೇ ರೈಲಿನಲ್ಲಿ ನೋಡಿದ್ದೇನೆ. ನಾನು ಅವರನ್ನು ದೆವ್ವದ ಹುಡುಗ, ದೀಪದ ಹುಡುಗಿ ಅಂತಲೇ ಕರೆಯುತ್ತೇನೆ.

ಈ ಜೋಡಿ ಹುಟ್ಟಿದ್ದು ಹಿಂದಿಯಲ್ಲಿ. ಕನ್ನಡ ಮಾತಾಡಲು ಕಲಿತದ್ದು ಚೆನ್ನೈನ ಕೋಡಂಬಾಕ್ಕಂನಲ್ಲಿ, ಒಂದು ಟೈಲರ್ ಅಂಗಡಿಯ ಮೇಲಿನ ಡಬ್ಬಿಂಗ್ ಸ್ಟುಡಿಯೋದಲ್ಲಿ. ಅಲ್ಲಿ ನಾನು ‘ಗುಂಪು’ ಆಗಿದ್ದೆ. ಅಂದರೆ, ತೆರೆಯ ಮೇಲೆ ಊರ ಜನ ಓಡಿ ಬಂದರೆ ‘ಏನಾಯ್ತು, ಏನಾಯ್ತು’ ಅನ್ನುವವನು ನಾನು. ಎರಡನೆಯ ಪೊಲೀಸಿನವನು ನಾನು. ಬಾಯಿ ತೆರೆದ ಕೂಡಲೇ ಗುಂಡು ತಿಂದು ಸಾಯುವ ಕಾವಲುಗಾರ ನಾನು. ಒಮ್ಮೆ ಮಾಟಗಾತಿ ಬಲಿ ಕೊಡಲು ತಂದ ಮೇಕೆಯೂ ನಾನೇ. ಮೇಕೆಯ ಪಾತ್ರಕ್ಕೆ ನಾನು ಎಷ್ಟು ಜೀವ ತುಂಬಿದ್ದೆನೆಂದರೆ, ಕೆಳಗಿನ ಟೈಲರ್ ಮೇಲೆ ಬಂದು, ‘ಆಡು ಎಲ್ಲಿ?’ ಅಂತ ತಮಿಳಿನಲ್ಲಿ ಕೇಳಿಹೋದ.

ದೀಪದ ಹುಡುಗಿಗೆ ದನಿ ಕೊಡುವವರು ನಾವೆಲ್ಲ ಅಕ್ಕ ಅನ್ನುವ ಒಬ್ಬ ಹೆಂಗಸು. ಗಂಡ ರೈಲ್ವೆಯಲ್ಲಿದ್ದು ನಿವೃತ್ತರಾದವರು, ಮನೆಯಲ್ಲಿ ಮೊಮ್ಮಕ್ಕಳು. ಅವರು ಸ್ಟುಡಿಯೋಗೆ ಬರುವಾಗ ಚೀಲದಲ್ಲಿ ಬೆಳ್ಳುಳ್ಳಿ ತರುತ್ತಿದ್ದರು. ಹೊರಗೆ ಕೂತು ಬೆಳ್ಳುಳ್ಳಿ ಸುಲಿಯುವರು, ಕರೆದರೆ ಒಳಗೆ ಹೋಗಿ ಇಪ್ಪತ್ತರ ಹುಡುಗಿಯಾಗಿ ‘ನನ್ನನ್ನು ಬಿಟ್ಟು ಹೋಗಬೇಡ’ ಎಂದು ಕಲ್ಲು ಕರಗುವ ಹಾಗೆ ಅಳುವರು, ಹೊರಗೆ ಬಂದು ಮತ್ತೆ ಬೆಳ್ಳುಳ್ಳಿ ಹಿಡಿಯುವರು. ಕಣ್ಣೀರು ಯಾವುದರಿಂದ ಬಂತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಇನ್ನು ದೆವ್ವದ ಹುಡುಗನ ದನಿ. ಅದು ನಮ್ಮಲ್ಲಿನ ಹಿರಿಯ ಕಲಾವಿದರೊಬ್ಬರದು. ಅವರ ಗಂಟಲಿಗೆ ಏನೋ ಆಗಿ ಆಪರೇಷನ್ ಮಾಡಬೇಕಾಯಿತು, ಡಾಕ್ಟರು ಕೆಲವು ದಿನ ಮಾತೇ ಆಡಬೇಡಿ ಅಂದರು. ಎಪಿಸೋಡು ನಿಲ್ಲುವ ಹಾಗಿಲ್ಲ. ಮೈಸೂರಿನಿಂದ ಎಂದೋ ಬಂದು ಇಲ್ಲೇ ತಲೆ ನರೆಸಿಕೊಂಡ ನಮ್ಮ ಡಬ್ಬಿಂಗ್ ಇನ್‌ಚಾರ್ಜ್ ಸುತ್ತ ನೋಡಿದರು. ನಾನು ಬೋಂಡ ತಿನ್ನುತ್ತಿದ್ದೆ.

‘ಏನಯ್ಯಾ ಮೇಕೆ, ಹೀರೋ ಆಗ್ತೀಯಾ?’

ಬೋಂಡವನ್ನು ಅಗಿಯದೆ ನುಂಗಿದೆ.

‘ಮುಂದಿನ ವಾರದ ಎಪಿಸೋಡುಗಳು ನಿನ್ನ ದನೀಲಿ ಹೋಗ್ತವೆ. ಚಾನೆಲ್‌ನೋರು ಬೆಂಗಳೂರಲ್ಲಿ ಕೇಳ್ತಾರೆ. ಹಿಡಿಸ್ತು ಅಂದ್ರೆ ದೆವ್ವ ನಿನ್ನದೇ, ಕಡೇವರೆಗೂ. ಹಿಡಿಸ್ಲಿಲ್ಲ ಅಂದ್ರೆ...’

‘ಮೇಕೆ ಸಾರ್,’ ಅಂದೆ.

‘ಮೇಕೆ ಕಣಯ್ಯಾ.’

ಆ ಹೊತ್ತಿಗೆ ನನಗಾದ ಸಂಭ್ರಮವನ್ನು ಹೇಗೆ ಹೇಳಲಿ! ಮನೆಯಿರುವ ಪಲ್ಲಾವರಂಗೆ ಹೋಗುವ ಲೋಕಲ್ ರೈಲಿನ ಬಾಗಿಲಲ್ಲಿ ನಿಂತು ಇಡೀ ದಾರಿ ‘ನಾನು ಸತ್ತಿರಬಹುದು, ನನ್ನ ಪ್ರೀತಿ ಸತ್ತಿಲ್ಲ’ ಎಂದು ಗಾಳಿಗೆ ಹೇಳಿಕೊಂಡು ಹೋದೆ. ಪಕ್ಕದಲ್ಲಿದ್ದವರು ಬ್ಯಾಗು ಎದೆಗೊತ್ತಿಕೊಂಡು ಒಳಕ್ಕೆ ಸರಿದರು.

ಮನೆಯಲ್ಲಿ ಅಜ್ಜಿಗೆ ಹೇಳಿದೆ. ನನ್ನ ಅಜ್ಜಿ ಹಾವೇರಿ ಕಡೆಯವಳು. ಚೆನ್ನೈನ ಸೌಕಾರ್‌ಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದ ಅಜ್ಜನ ಕೈಹಿಡಿದು ಹುಡುಗಿಯಾಗಿದ್ದಾಗಲೇ ಇಲ್ಲಿಗೆ ಬಂದವಳು. ಇಷ್ಟು ವರ್ಷದಲ್ಲಿ ತಮಿಳು ಕಲಿತಳು, ತನ್ನ ಕನ್ನಡ ಮಾತ್ರ ಒಂದು ಕೂದಲೆಳೆಯಷ್ಟೂ ಬದಲಾಗಲು ಬಿಡಲಿಲ್ಲ. ಅವಳು ಈ ಜೋಡಿಯ ಭಕ್ತೆ. ಎಂಥ ಭಕ್ತೆ ಅಂದರೆ, ದೆವ್ವದ ಹುಡುಗ ಮತ್ತೆ ಮನುಷ್ಯನಾಗುವ ತನಕ ಮೆಣಸಿನಕಾಯಿ ಬಜ್ಜಿ ಮುಟ್ಟುವುದಿಲ್ಲ ಅಂತ ಹರಕೆ ಹೊತ್ತಿದ್ದಳು. ಹಾವೇರಿ ಕಡೆಯವರು ಮಂಡಕ್ಕಿಯ ಪಕ್ಕದಲ್ಲಿ ಮಿರ್ಚಿ ಬಿಟ್ಟು ಕೂರುವುದೆಂದರೆ ಅದು ಸಣ್ಣ ತ್ಯಾಗವಲ್ಲ. ಬರೀ ಮಂಡಕ್ಕಿ ಮುಕ್ಕುತ್ತಾ ಅವಳು ಟಿವಿ ನೋಡುವುದನ್ನು ಕಂಡರೆ ಕರುಳು ಚುರ್ರೆನ್ನುತ್ತಿತ್ತು.

‘ಅಜ್ಜಿ, ಮುಂದಿನ ವಾರದಿಂದ ನಿನ್ನ ಹುಡುಗನ ದನಿ ನಾನೇ.’

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಅಂವ ಮಾತಾಡಿದ್ರ ಗುಡಿ ಗಂಟಿ ಬಾರಿಸಿದಂಗ ಇರತೈತಿ. ನೀ ಮಾತಾಡಿದ್ರ ಪಾತ್ರಿ ಬಿದ್ದಂಗ ಇರತೈತಿ. ಸುಳ್ಳು ಹೇಳೂದಿದ್ರ ನಂಬೂ ಹಂಗರ ಹೇಳಲೇ ತಮ್ಮಾ.’

ನಾನು ಚಾನೆಲ್‌ಗಿಂತ ಮೊದಲು ಗೆಲ್ಲಬೇಕಾದದ್ದು ಇವಳನ್ನು ಅಂತ ಅವತ್ತೇ ತೀರ್ಮಾನಿಸಿದೆ.

ಈಗ ತಪ್ಪಿಗೆ ಬರೋಣ. ಡಬ್ಬಿಂಗ್‌ನಲ್ಲಿ ಮಾತು ಅರ್ಧ ಕೆಲಸ. ಇನ್ನರ್ಧ ರಿಯಾಕ್ಷನ್. ಪಾತ್ರ ನಕ್ಕರೆ, ನಿಟ್ಟುಸಿರು ಬಿಟ್ಟರೆ, ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ, ಅದನ್ನೆಲ್ಲ ನಾವು ಕೊಡಬೇಕು. ಆದರೆ ಈ ಧಾರಾವಾಹಿಗೆ ನಮ್ಮ ಇನ್‌ಚಾರ್ಜ್ ಒಂದು ಕಟ್ಟಪ್ಪಣೆ ಮಾಡಿದ್ದರು. ಮೈಕ್ ಮುಂದೆ ನಿಲ್ಲುವ ಮೊದಲು ನನ್ನ ಹೆಗಲ ಮೇಲೆ ಕೈಯಿಟ್ಟು ಅದನ್ನೇ ಹೇಳಿದರು.

‘ನೋಡು, ಅವ್ನು ಸತ್ತಿದ್ದಾನೆ. ಸತ್ತೋನು ಉಸಿರಾಡಲ್ಲ. ಮಾತಿನ ನಡುವೆ ಒಂದೇ ಒಂದು ಉಸಿರು ಕೇಳಿಸ್ತೋ, ನಿನ್ನುಸಿರು ನಾನೇ ನಿಲ್ಲಿಸಿಬಿಡ್ತೀನಿ.’

ಇದನ್ನು ಬುದ್ಧಿ ಇದ್ದವನು ಹೇಗೆ ಅರ್ಥ ಮಾಡಿಕೊಳ್ಳುತ್ತಾನೆ? ಉಸಿರೆಳೆದುಕೊಳ್ಳುವಾಗ ಮುಖ ಮೈಕಿನಿಂದ ಪಕ್ಕಕ್ಕೆ ತಿರುಗಿಸುತ್ತಾನೆ. ಹಿರಿಯರು ಹಾಗೇ ಮಾಡುತ್ತಿದ್ದರು. ನಾನು? ನಾನು ಉಸಿರಾಡುವುದನ್ನೇ ನಿಲ್ಲಿಸಿದೆ.

ಮೊದಲ ಎಪಿಸೋಡುಗಳೇನೋ ದಾಟಿದವು. ಸಣ್ಣ ಸಣ್ಣ ಮಾತು. ಮಾತು ತೆರೆಯ ಮೇಲಿನ ತುಟಿಗೆ ಹೊಂದದಿದ್ದಾಗ ‘ಲಿಪ್ ಕೂತಿಲ್ಲ, ಇನ್ನೊಂದ್ಸಲ,’ ಅಂತ ಇನ್‌ಚಾರ್ಜ್ ಬೈದರು, ನಾನು ತಿದ್ದಿಕೊಂಡೆ. ವಾರದ ಕೊನೆಗೆ ಅಮಾವಾಸ್ಯೆ ಬಂತು. ಅವಳು ದೀಪ ಹಚ್ಚುತ್ತಾಳೆ, ಅವನು ಬರುತ್ತಾನೆ, ಒಂದು ಮಾರುದ್ದ ಮಾತಾಡುತ್ತಾನೆ, ಅವಳು ಹೆಗಲಿಗೆ ತಲೆಯಿಡುತ್ತಾಳೆ, ಅವನು ಕಣ್ಣು ಮುಚ್ಚುತ್ತಾನೆ. ಚಾನೆಲ್‌ನವರು ಮುಖ್ಯವಾಗಿ ಕೇಳುವುದೇ ಇದನ್ನು ಅಂತ ಗೊತ್ತಿತ್ತು. ನಾನು ಎದೆ ತುಂಬ ಗಾಳಿ ತುಂಬಿಕೊಂಡು, ಮೂಗಿನ ಬಾಗಿಲು ಹಾಕಿಕೊಂಡು, ಮಾತು ಶುರು ಮಾಡಿದೆ.

ಅರ್ಧ ಮಾತಿಗೆ ಕಿವಿಯಲ್ಲಿ ಡೋಲು ಬಾರಿಸಲು ಶುರುವಾಯಿತು. ಮುಕ್ಕಾಲಿಗೆ ದೀಪದ ಹುಡುಗಿ ಇಬ್ಬರಾಗಿ ಕಂಡಳು. ಒಬ್ಬಳನ್ನೇ ಪ್ರೀತಿಸು ಅಂತ ಮನಸ್ಸಿಗೆ ಹೇಳಿಕೊಂಡೆ. ಗಾಜಿನ ಆಚೆ ಇನ್‌ಚಾರ್ಜ್ ಕಣ್ಣರಳಿಸಿ ನೋಡುತ್ತಿದ್ದರು. ನನ್ನ ನಟನೆಗೆ ಬೆರಗಾಗಿದ್ದಾರೆ ಅಂದುಕೊಂಡೆ. ನನ್ನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು ಅಂತ ಆಮೇಲೆ ಗೊತ್ತಾಯಿತು. ಕೊನೆಯ ಮಾತು, ‘ನಾನಿಲ್ಲೇ ಇದ್ದೇನೆ,’ ಹೇಳಿದೆ. ಮುಗಿಯಿತು ಅಂದುಕೊಂಡೆ. ಕೆಂಪು ಲೈಟು ಇನ್ನೂ ಉರಿಯುತ್ತಿತ್ತು. ನಾನದನ್ನು ನೋಡಲಿಲ್ಲ. ಮೈಕಿಗೆ ಬಾಯಿ ಕೊಟ್ಟು, ಹೊಟ್ಟೆಯ ತಳದಿಂದ, ಬಸ್ಸಿನ ಬ್ರೇಕು ಬಿಟ್ಟ ಹಾಗೆ ‘ಹ್ಹಾ...’ ಎಂದು ಬಿಟ್ಟೆ.

ಆ ಕ್ಷಣಕ್ಕೇ ಇನ್‌ಚಾರ್ಜ್‌ಗೆ ಫೋನು ಬಂದು ಅವರು ಹೊರಗೆ ಹೋಗಿದ್ದರು. ಉಳಿದವನು ಸೌಂಡ್ ಇಂಜಿನಿಯರ್. ಅವನಿಗೆ ಕನ್ನಡ ಅಷ್ಟಕ್ಕಷ್ಟೆ. ತೆರೆಯ ಮೇಲೆ ಆ ಹೊತ್ತಿಗೆ ಸರಿಯಾಗಿ ಹೀರೋ ಕಣ್ಣು ಮುಚ್ಚಿದ್ದ, ಅವಳ ತಲೆ ಹೆಗಲಿಗೆ ತಾಗಿತ್ತು. ಎಷ್ಟು ಲಿಪ್ ಹಾಳುಮಾಡಿದ್ದೆನೋ ನಾನು, ಈ ಉಸಿರು ಮಾತ್ರ ಅಚ್ಚುಹಾಕಿದ ಹಾಗೆ ಕೂತಿತ್ತು. ಇಂಜಿನಿಯರ್ ಹೆಬ್ಬೆರಳೆತ್ತಿ, ‘ಸೂಪರ್ ತಂಬಿ! ಎನ್ನ ಫೀಲಿಂಗು!’ ಅಂದ, ಎಂಥ ಭಾವ ಅಂತ. ನಾನು ಮಾತಿಗೆ ಹೇಳಿದ ಅಂದುಕೊಂಡು ಕೈಮುಗಿದೆ. ಪುಣ್ಯಾತ್ಮ ಆ ಉಸಿರನ್ನೂ ಇಟ್ಟುಕೊಂಡ. ಇಟ್ಟುಕೊಂಡದ್ದಲ್ಲದೆ ಚೂರು ಎಕೋ ಬೇರೆ ಹಾಕಿದ.

ಆ ಎಪಿಸೋಡು ಬಂದ ಸಂಜೆ ನಾನು ಅಜ್ಜಿಯ ಪಕ್ಕದಲ್ಲೇ ಕೂತಿದ್ದೆ. ನಮ್ಮ ಪಲ್ಲಾವರಂ ಮನೆಯಲ್ಲಿ ಟಿವಿ ನೋಡುವುದೂ ಒಂದು ಹೋರಾಟ. ವಿಮಾನ ನಿಲ್ದಾಣ ಪಕ್ಕದಲ್ಲೇ, ತಲೆಯ ಮೇಲೆ ವಿಮಾನ ಇಳಿಯುತ್ತಲೇ ಇರುತ್ತದೆ. ಅಜ್ಜಿ ರಿಮೋಟನ್ನು ಕತ್ತಿಯಂತೆ ಹಿಡಿದು, ವಿಮಾನ ಬಂದಾಗ ಸೌಂಡು ಏರಿಸಿ, ಹೋದಾಗ ಇಳಿಸುತ್ತಾಳೆ. ವಾರವಿಡೀ ನನ್ನ ದನಿ ಕೇಳಿ ಅವಳು ಹೇಳಿದ್ದು ಒಂದೇ ಮಾತು: ‘ಯಾಕೋ ಅಂವಗ ಥಂಡಿ ಆಗೇತಿ. ಬಾವ್ಯಾಗ ಬಿದ್ದಾನಲ್ಲ, ಪಾಪ.’

ಅಮಾವಾಸ್ಯೆಯ ದೃಶ್ಯ ಬಂತು. ಒಂದು ವಿಮಾನ ಆಗಷ್ಟೇ ಇಳಿದಿತ್ತು, ಸೌಂಡು ಇನ್ನೂ ಮೇಲೇ ಇತ್ತು. ‘ನಾನಿಲ್ಲೇ ಇದ್ದೇನೆ.’ ಆಮೇಲೆ ಮೌನ. ಆಮೇಲೆ, ಇಡೀ ಮನೆ ತುಂಬುವ ಹಾಗೆ, ‘ಹ್ಹಾ...’

ಅಜ್ಜಿ ಮಂಡಕ್ಕಿ ಬಟ್ಟಲು ಬೀಳಿಸಿಕೊಂಡು ಎದ್ದು ನಿಂತಳು. ಮಂಡಿನೋವಿನ ಅಜ್ಜಿ, ಹಾಗೆ ಎದ್ದದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ.

‘ಉಸಿರಾಡಿದಾ! ಲೇ, ಅಂವ ಉಸಿರಾಡಿದಾ! ಬದುಕ್ಯಾನಲೇ ಅಂವ!’

‘ಇಲ್ಲ ಅಜ್ಜಿ, ಅದು... ಅದೇನೋ ಸೌಂಡು...’

‘ನೀ ಸುಮ್ಮನಿರಲೇ! ಏ ತಂಗೀ, ಬಾಣಲಿ ಇಡವಾ!’ ಅಂತ ಅಡುಗೆಮನೆಯಲ್ಲಿದ್ದ ನನ್ನ ಅಮ್ಮನಿಗೆ ಕೂಗಿದಳು. ‘ಹರಕಿ ತೀರಿತು, ಮಿರ್ಚಿ ಹಾಕು!’

ಅಷ್ಟರಲ್ಲಿ ಪಕ್ಕದ ಮನೆಯ ಮಾಮಿ ಬಾಲ್ಕನಿಗೆ ಬಂದರು. ಅವರ ಮನೆಯಲ್ಲೂ ಇದೇ ಧಾರಾವಾಹಿ, ಇದೇ ಹೊತ್ತಿಗೆ, ತಮಿಳಿನಲ್ಲಿ. ಎಪಿಸೋಡು ಮುಗಿದ ಕೂಡಲೇ ಇಬ್ಬರೂ ಬಾಲ್ಕನಿಯಿಂದ ಬಾಲ್ಕನಿಗೆ ಚರ್ಚೆ ಮಾಡುವುದು ರೂಢಿ, ಅರ್ಧ ಅವರ ಭಾಷೆ, ಅರ್ಧ ಇವಳದು.

‘ಮಾಮಿ, ಪಾತ್ತೀಂಗಳಾ, ನೋಡಿದ್ರೇನ? ಉಸಿರು ಬಿಟ್ಟಾನ!’

‘ಇಲ್ಲೈಯೇ! ಒಣ್ಣುಮೇ ಕೇಕ್ಕಲೆಯೇ,’ ಅಂದರು ಮಾಮಿ, ಏನೂ ಕೇಳಲಿಲ್ಲವಲ್ಲ ಅಂತ. ‘ಅವನ್ ಸೆತ್ತುಪ್ಪೋಯಿಟ್ಟಾನ್!’

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ‘ನಿಮ್ಮ ತಮಿಳಿನ್ಯಾಗ ಸತ್ತಿರಬೇಕು. ನಮ್ಮ ಕನ್ನಡದಾಗ ಬದುಕ್ಯಾನ!’

ಅವತ್ತು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಿರ್ಚಿ ತಿನ್ನದವರಿಲ್ಲ. ಮಾಮಿಯೂ ತಿಂದರು, ತಿನ್ನುತ್ತಲೇ ಅವನು ಸತ್ತಿದ್ದಾನೆ ಅಂತ ವಾದಿಸಿದರು. ನಾನು ಮಾತ್ರ ನನ್ನ ಪಾಲನ್ನು ಮಾಮಿಗೇ ದಾಟಿಸಿದೆ. ಮುಂದಿನ ಎಪಿಸೋಡುಗಳನ್ನು ನಾನು ನೋಡಿದ್ದೆನಲ್ಲ. ಅವನು ಬದುಕುವುದಿಲ್ಲ. ನಾಳೆಯೇ ಗೋಡೆ ದಾಟಿಕೊಂಡು ಹೋಗುತ್ತಾನೆ.

ಬೆಳಗಾಗುವಷ್ಟರಲ್ಲಿ ವಿಷಯ ನನ್ನ ಕೈಮೀರಿತ್ತು. ಆ ದೃಶ್ಯವನ್ನು ಕತ್ತರಿಸಿ, ಹೀರೋನ ಮೂಗಿನ ಸುತ್ತ ಕೆಂಪು ಬಣ್ಣದ ಸುತ್ತು ಹಾಕಿ ಯಾರೋ ಮೊಬೈಲಿನಲ್ಲಿ ಹಂಚಿದ್ದರು. ‘ಕಿವಿಗೊಟ್ಟು ಕೇಳಿ’ ಅಂತ ಒಬ್ಬರು. ‘ನಮ್ಮ ಯಜಮಾನರು ಟಿವಿ ನೋಡದವರು, ಅವರೂ ಅತ್ತರು’ ಅಂತ ಇನ್ನೊಬ್ಬರು. ಹಿಂದಿ ನೋಡುವವರು ಬಂದು ‘ನಮ್ಮಲ್ಲಿ ಇಲ್ಲವಲ್ಲ’ ಅಂದರೆ, ‘ನಿಮ್ಮಲ್ಲಿ ಪ್ರೀತಿ ಕಮ್ಮಿ’ ಅಂತ ಉತ್ತರ. ಒಬ್ಬ ಡಾಕ್ಟರಂತೆ, ಇದು ಬಹಳ ಹೊತ್ತು ಗಾಳಿಯಿಲ್ಲದೆ ಇದ್ದ ಶ್ವಾಸಕೋಶದ ಉಸಿರು ಅಂತ ಬರೆದಿದ್ದ. ಇಡೀ ಗಲಾಟೆಯಲ್ಲಿ ನಿಜ ಹೇಳಿದವನು ಅವನೊಬ್ಬನೇ.

ಸ್ಟುಡಿಯೋದಿಂದ ಫೋನು ಬಂತು. ಇನ್‌ಚಾರ್ಜ್ ಬರೀ ‘ಬಾ’ ಅಂದು ಇಟ್ಟರು.

ರೈಲಿನಲ್ಲಿ ಈ ಸಲ ಗಾಳಿಗೆ ಏನೂ ಹೇಳಲಿಲ್ಲ. ಕೋಡಂಬಾಕ್ಕಂನಲ್ಲಿ ಇಳಿದು ಮೆಟ್ಟಿಲು ಹತ್ತುವಾಗ ಟೈಲರ್ ನನ್ನನ್ನು ನೋಡಿ ‘ಮೇಏಏ’ ಅಂದ. ಶಕುನ ಸ್ಪಷ್ಟವಾಗಿತ್ತು.

ಹೊರಗೆ ಅಕ್ಕ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅವರ ಪಕ್ಕದಲ್ಲಿ ಕೊರಳಿಗೆ ಶಾಲು ಸುತ್ತಿಕೊಂಡು, ಕಾಳುಮೆಣಸಿನ ಬಿಸಿನೀರು ಗುಟುಕರಿಸುತ್ತಾ ಹಿರಿಯ ಕಲಾವಿದರು ಕೂತಿದ್ದರು. ಗಂಟಲು ವಾಸಿಯಾಗಿತ್ತು.

‘ಕಣ್ಣಾ, ಬಾ,’ ಅಂದರು ಅಕ್ಕ. ‘ನಿನ್ನೆ ಆ ಸೀನು ನೋಡಿ ನನ್ಗೇ ಒಂಥರಾ ಆಗೋಯ್ತು. ಇಷ್ಟು ವರ್ಷದಲ್ಲಿ ಯಾವ ಹೀರೋನೂ ನನ್ನ ಪಕ್ಕದಲ್ಲಿ ಅಷ್ಟು ನೆಮ್ಮದಿಯಾಗಿ ಉಸಿರು ಬಿಟ್ಟಿರ್ಲಿಲ್ಲ.’

‘ನೆಮ್ಮದಿ ಅಲ್ಲ ಅಕ್ಕಾ. ಇನ್ನೊಂದು ಚೂರು ತಡವಾಗಿದ್ರೆ ನಿಜವಾಗ್ಲೂ ಸಾಯ್ತಿದ್ದೆ.’

ಹಿರಿಯರು ನಗಲು ಹೋಗಿ ಕೆಮ್ಮಿದರು. ಒಳಗಿನಿಂದ ಇನ್‌ಚಾರ್ಜ್ ಕೂಗಿದರು, ‘ಬಂದನಾ ಮಹಾನುಭಾವ? ಒಳಗೆ ಕಳಿಸಿ!’

ಒಳಗೆ ಅವರು ಕುರ್ಚಿಯಲ್ಲಿ ಹಿಂದಕ್ಕೊರಗಿ ಕೂತಿದ್ದರು.

‘ಚಾನೆಲ್‌ನೋರು ಫೋನ್ ಮಾಡಿದ್ರು. ನಿನ್ನ ದನಿ ಬಗ್ಗೆ ಏನಂದ್ರು ಗೊತ್ತೇನಯ್ಯಾ? ಈ ದೆವ್ವ ಬಾವಿಯಿಂದ ಬಂದ ಹಾಗಿಲ್ಲ, ಪಲ್ಲಾವರಂನಿಂದ ಬಂದ ಹಾಗಿದೆ ಅಂದ್ರು. ವಾಕ್ಯ ಕನ್ನಡದಲ್ಲಿ ಶುರುವಾಗಿ ತಮಿಳು ರಾಗದಲ್ಲಿ ಮುಗಿಯುತ್ತಂತೆ.’

ಹೋಯಿತು. ನನ್ನ ಹೀರೋಗಿರಿ ಬಾವಿಗೆ ಬಿತ್ತು. ‘ಹಾಗಾದ್ರೆ ಮೇಕೆ, ಸಾರ್,’ ಅಂದೆ.

‘ಪೂರ್ತಿ ಕೇಳು. ಉಸಿರು ಬೇಕಂತೆ.’

‘ಸಾರ್?’

‘ಪ್ರತಿ ಅಮಾವಾಸ್ಯೆಗೂ ಆ ಉಸಿರು ಬೇಕಂತೆ ಕಣಯ್ಯಾ! ಕನ್ನಡದಲ್ಲಿ ಮಾತ್ರ. ಅವ್ನು ಸತ್ತಿದ್ದಾನೋ ಬದುಕಿದ್ದಾನೋ ಅಂತ ಜನ ತಲೆ ಕೆಡಿಸ್ಕೊಂಡ್ರೆ ಒಳ್ಳೇದೇ ಅಂತೆ. ಹೊರಗೆ ಕೂತಿದ್ದಾರಲ್ಲ, ಅವರ ಹತ್ರ ಉಸಿರು ಬಿಡಿಸಿ ನೋಡಿದೆ, ಆಪರೇಷನ್ ಆದ್ಮೇಲೆ ಕುಕ್ಕರ್ ಥರ ವಿಸಲ್ ಬರುತ್ತೆ. ಅದಕ್ಕೇ, ಮಾತು ಅವರದು, ಉಸಿರು ನಿಂದು. ನನ್ನ ಸರ್ವೀಸ್‌ನಲ್ಲೇ ಇಂಥ ಅವಮಾನ ಆಗಿರ್ಲಿಲ್ಲ. ಹೋಗು, ಮೈಕ್ ಮುಂದೆ ನಿಂತ್ಕೋ.’

ಹೀಗೆ ನಾನು, ಬಹುಶಃ ಜಗತ್ತಿನಲ್ಲೇ ಮೊದಲನೆಯವನಾಗಿ, ಒಂದು ದೆವ್ವಕ್ಕೆ ಉಸಿರು ಬಿಡುವ ಕೆಲಸಕ್ಕೆ ಸೇರಿದೆ. ಮೈಕ್ ಮುಂದೆ ನಿಂತೆ, ಬರಲೇ ಇಲ್ಲ. ಉಸಿರು ಬಿಡು ಅಂದರೆ ಕೊಟ್ಟಿಗೆಯ ಎಮ್ಮೆಯ ಹಾಗೆ ಬರುತ್ತದೆ, ಸೀನಿದ ಹಾಗೆ ಬರುತ್ತದೆ. ಕೊನೆಗೆ ಅಕ್ಕನೇ ಒಳಗೆ ಬಂದು, ಬೆಳ್ಳುಳ್ಳಿ ಕೈಯಿಂದ ನನ್ನ ಮೂಗು ಗಟ್ಟಿಯಾಗಿ ಹಿಡಿದು, ‘ಬಾಯಿ ಮುಚ್ಚು ಕಣ್ಣಾ, ನಾನು ಹೇಳೋವರ್ಗೂ ಬಿಡ್ಬೇಡ,’ ಅಂದರು. ಮತ್ತೆ ಡೋಲು, ಮತ್ತೆ ಬದನೆಕಾಯಿ. ಅವರು ಕೈ ತೆಗೆದರು. ‘ಹ್ಹಾ...’ ಇಂಜಿನಿಯರ್ ಹೆಬ್ಬೆರಳೆತ್ತಿದ. ಜನ ಕಣ್ಣೀರು ಹಾಕುವ ಆ ಪ್ರೇಮದ ಉಸಿರು ಇವತ್ತಿಗೂ ಹೀಗೇ ತಯಾರಾಗುತ್ತದೆ, ಬೆಳ್ಳುಳ್ಳಿ ಘಾಟಿನಲ್ಲಿ.

ಸಂಜೆ ಮನೆಗೆ ಬಂದೆ. ಹೀರೋ ಆಗುತ್ತೇನೆ ಅಂತ ಹೊರಟವನು ಹೀರೋನ ಮೂಗಾಗಿ ಮರಳಿದ್ದೆ. ಅಜ್ಜಿ ಟಿವಿ ಮುಂದೆ ಕೂತಿದ್ದಳು. ಮಡಿಲಲ್ಲಿ ಮಂಡಕ್ಕಿ, ಪಕ್ಕದಲ್ಲಿ ಮಿರ್ಚಿ. ತೆರೆಯ ಮೇಲೆ ದೆವ್ವದ ಹುಡುಗ ಗೋಡೆಯ ಮೂಲಕ ಆರಾಮಾಗಿ ನಡೆದುಹೋಗುತ್ತಿದ್ದ. ಅವಳು ಮಿರ್ಚಿಯಿಂದ ತಲೆ ಕೂಡ ಎತ್ತಲಿಲ್ಲ.

ಎಲ್ಲ ಹೇಳಿಬಿಟ್ಟೆ. ಅವನು ಬದುಕಿಲ್ಲ, ಅದು ನನ್ನ ಉಸಿರು, ನನ್ನ ತಪ್ಪು, ನಿನ್ನ ಹರಕೆ ಸುಮ್ಮನೆ ಮುರಿಯಿತು, ದನಿಯೂ ಕೈತಪ್ಪಿತು, ಇನ್ನು ಮೇಲೆ ಉಸಿರಷ್ಟೇ ನನ್ನದು. ಹೇಳಿ ಮುಗಿಸಿ ಅವಳ ಪಕ್ಕ ಕುಸಿದು ಕೂತೆ. ಮೈಕೂ ಇಲ್ಲದೆ, ಯಾರೂ ಮೂಗು ಹಿಡಿಯದೆ, ತಾನಾಗಿಯೇ ಒಂದು ‘ಹ್ಹಾ...’ ಹೊರಗೆ ಬಂತು.

ಅಜ್ಜಿ ಟಿವಿಯ ಸೌಂಡು ಇಳಿಸಿದಳು. ವಿಮಾನ ಇರಲಿಲ್ಲ, ಆದರೂ ಇಳಿಸಿದಳು. ಒಂದು ಮಿರ್ಚಿ ಮುರಿದು ಅರ್ಧ ನನ್ನ ಕೈಗಿಟ್ಟಳು.

‘ಸತ್ತವರು ಉಸಿರಾಡತಾರೇನಲೇ, ಹುಚ್ಚಾ? ಮಾತು ಯಾರದು ಅಂತ ನನಗ ಗೊತ್ತಾಗಿರಲಿಲ್ಲ, ಖರೆ. ಉಸಿರು ಕೇಳಿದ ಕೂಡಲೇ ಗೊತ್ತಾತು. ಸಣ್ಣಾಂವ ಇದ್ದಾಗ ಸಾಲಿಯಿಂದ ಬಂದು, ಬೂಟು ಬಿಚ್ಚಿ ಒಗದು, ನನ್ನ ತೊಡಿ ಮ್ಯಾಲೆ ತಲಿ ಇಟ್ಟು ಹಿಂಗ ಬಿಡತಿದ್ದಿ. ಅದಕ್ಕ ಎದ್ದು ನಿಂತೆ. ಇನ್ನ ಹರಕಿ ವಿಚಾರ... ಎಷ್ಟು ದಿನಾಂತ ಬರೇ ಮಂಡಕ್ಕಿ ತಿನ್ನೂದು? ನೆಪ ಒಂದು ಬೇಕಾಗಿತ್ತು, ನೀ ಕೊಟ್ಟಿ. ಆ ಮಾಮಿಗೆ ಮಾತ್ರ ಹೇಳಬ್ಯಾಡ. ಆಕಿ ಮುಂದ ಅಂವ ಬದುಕೇ ಇರಲಿ.’